ಎಲ್ಫ್ ಗೊಂಬೆ ಆಟ: ಮಕ್ಕಳು ಹೆದರದ ಹಾಗೆ, ನಮಗೂ ಭಾರ ಆಗದ ಹಾಗೆ ಆಡಿಸುವುದು ಹೇಗೆ?

ಬಸವನಹಳ್ಳಿ ಅಮ್ಮ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಎರಡು ಮಕ್ಕಳು. ಮಗನಿಗೆ ಒಂಬತ್ತು, ಮಗಳಿಗೆ ಐದು. ಹೋದ ವರ್ಷ ನನ್ನ ನಾದಿನಿ ಅಮೆರಿಕದಿಂದ ಬರುವಾಗ ಕೆಂಪು ಟೋಪಿಯ ಎಲ್ಫ್ ಗೊಂಬೆ ತಂದುಕೊಟ್ಟಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅಲ್ಲಿ 2005ರಿಂದ ಈಚೆಗೆ ಹಬ್ಬಿದ ಆಟ ಇದು. ಡಿಸೆಂಬರ್ ಬಂದ ಕೂಡಲೇ ಗೊಂಬೆ ಮನೆಗೆ ಬರುತ್ತದೆ, ಹಗಲೆಲ್ಲ ಒಂದು ಕಡೆ ಕೂತು ಮಕ್ಕಳನ್ನು ನೋಡುತ್ತಿರುತ್ತದೆ, ರಾತ್ರಿ ಸಾಂತಾ ತಾತನ ಹತ್ತಿರ ಹೋಗಿ ಯಾರು ಏನು ಮಾಡಿದರು ಅಂತ ಒಪ್ಪಿಸಿ, ಬೆಳಗಾಗುವುದರೊಳಗೆ ವಾಪಸ್ ಬಂದು ಬೇರೆ ಜಾಗದಲ್ಲಿ ಕೂರುತ್ತದೆ. ಮಕ್ಕಳು ಎದ್ದು ಹುಡುಕಬೇಕು. ಮುಟ್ಟಿದರೆ ಅದರ ಮಾಯೆ ಹೋಗುತ್ತದೆ ಅನ್ನುವ ನಿಯಮ ಬೇರೆ ಇದೆ.

ಹೋದ ವರ್ಷ ಮಕ್ಕಳು ಕುಣಿದಾಡಿದರು. ಈ ಸಲ ಮನೆಗೆ ಬಂದವರೆಲ್ಲ ಅದನ್ನು ಹೆದರಿಸುವುದಕ್ಕೆ ಬಳಸುತ್ತಿದ್ದಾರೆ. "ಊಟ ಬಿಟ್ರೆ ಎಲ್ಫ್ ಹೇಳಿಬಿಡುತ್ತೆ ನೋಡು", "ಅಣ್ಣನ ಜೊತೆ ಜಗಳ ಆಡಿದ್ರೆ ಸಾಂತಾ ಬರಲ್ಲ". ಮಗಳು ಈಗ ಅದು ಇರುವ ರೂಮಿಗೆ ಒಬ್ಬಳೇ ಹೋಗುವುದಿಲ್ಲ. ಮೊನ್ನೆ ಅಲಮಾರಿನಿಂದ ಪುಸ್ತಕ ತೆಗೆಯುವಾಗ ಕೈ ತಾಗಿ ಅದು ಬಿದ್ದಿತು. ಮಾಯೆ ಹೋಯಿತು, ನನ್ನಿಂದಲೇ ಹೋಯಿತು ಅಂತ ಎಷ್ಟು ಅತ್ತಳು ಅಂದರೆ ರಾತ್ರಿ ಊಟವನ್ನೂ ಮಾಡಲಿಲ್ಲ.

ಮಗನದು ಬೇರೆ ಕಥೆ. "ಅಮ್ಮಾ, ಅದನ್ನ ಎತ್ತಿಡೋದು ನೀನೇ ಅಲ್ವಾ?" ಅಂತ ತಂಗಿಯ ಎದುರಿಗೇ ಕೇಳುತ್ತಾನೆ. ಇದರ ಮೇಲೆ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬರಿಗಿಂತ ಒಬ್ಬರು ದೊಡ್ಡ ದೊಡ್ಡ ದೃಶ್ಯ ಕಟ್ಟಿ ಫೋಟೋ ಹಾಕುತ್ತಾರೆ. ಈಗ ಅರೇಬಿಕಾ ಕಾಫಿ ಕೊಯ್ಲು, ಗಂಡ ತೋಟದಿಂದ ಬರುವುದೇ ಎಂಟು ಗಂಟೆಗೆ. ರಾತ್ರಿ ಹನ್ನೊಂದಕ್ಕೆ ಕೂತು ಗೊಂಬೆಗೆ ಹಿಟ್ಟಿನಲ್ಲಿ ಹಿಮ ಮಾಡುವ ಶಕ್ತಿ ನನಗಿಲ್ಲ. ಆದರೆ ನಿಲ್ಲಿಸುವುದಕ್ಕೂ ಮನಸ್ಸಿಲ್ಲ, ಯಾಕೆಂದರೆ ಬೆಳಿಗ್ಗೆ ಎದ್ದ ತಕ್ಷಣ ಇಬ್ಬರೂ ಸೇರಿ ಹುಡುಕುವ ಆ ಹತ್ತು ನಿಮಿಷ ನಿಜವಾಗಿ ಚೆಂದ. ಏನು ಮಾಡಬಹುದು?

ಮೂಡಿಗೆರೆ ತೋಟದವನು

ಮೊದಲು ಆ ವರದಿ ಕೆಲಸ ನಿಲ್ಲಿಸಿ. ಇವತ್ತೇ ನಿಲ್ಲಿಸಿ. ಐದು ವರ್ಷದ ಮಗುವಿಗೆ ಅದು ಮನೆಯೊಳಗೆ ಸಿಸಿಟಿವಿ ಇಟ್ಟ ಹಾಗೆ. ಯಾರೋ ನೋಡುತ್ತಿದ್ದಾರೆ ಅಂತ ಒಳ್ಳೆಯದಾಗಿ ನಡೆದುಕೊಳ್ಳುವುದನ್ನು ಕಲಿಸುವುದು ಯಾರಿಗೆ ಬೇಕು?

ನಮ್ಮ ಮನೆಯಲ್ಲಿ ಮಾಡಿದ್ದು ಹೇಳುತ್ತೇನೆ. ಒಂದು ಬೆಳಿಗ್ಗೆ ಗೊಂಬೆಯ ಮಡಿಲಲ್ಲಿ ಪುಟ್ಟ ಚೀಟಿ ಇಟ್ಟೆವು. "ನನ್ನ ಕೆಲಸ ಬದಲಾಗಿದೆ. ಇನ್ನು ಮೇಲೆ ಯಾರ ಬಗ್ಗೆಯೂ ಏನೂ ಹೇಳುವುದಿಲ್ಲ. ನಾನು ಚಳಿ ದೇಶದವನು, ಮಲೆನಾಡಿನಲ್ಲಿ ಕ್ರಿಸ್ಮಸ್ ಹೇಗೆ ಮಾಡುತ್ತಾರೆ ಅಂತ ಗೊತ್ತಿಲ್ಲ, ನೀವೇ ಕಲಿಸಬೇಕು." ಅಷ್ಟೇ. ಅವತ್ತಿನಿಂದ ಮಕ್ಕಳು ಮೇಷ್ಟ್ರು, ಗೊಂಬೆ ಶಿಷ್ಯ. ಅದಕ್ಕೆ ಕಾಫಿ ಹಣ್ಣು ತೋರಿಸುವುದು, ಕಣದಲ್ಲಿ ಒಣಗಿಸುವುದು ಹೇಗೆ ಅಂತ ಹೇಳುವುದು, ಕನ್ನಡ ಅಕ್ಷರ ಬರೆಸುವುದು, ಎಲ್ಲ ಅವರೇ ಶುರು ಮಾಡಿದರು. ಚಿಕ್ಕವಳು ಅದರ ಪಕ್ಕ ಕೂತು ಅ ಆ ಇ ಈ ತಿದ್ದಿಸುತ್ತಿದ್ದಳು.

ಮುಟ್ಟಬಾರದು ಅನ್ನುವ ನಿಯಮಕ್ಕೂ ಮದ್ದು ಇದೆ. ಆ ದೇಶದಲ್ಲಿ ಮಕ್ಕಳು ಮುಟ್ಟಿಬಿಟ್ಟರೆ ಪಕ್ಕದಲ್ಲಿ ಚಿಟಿಕೆ ಚಕ್ಕೆ ಪುಡಿ ಉದುರಿಸುತ್ತಾರೆ, ಮಾಯೆ ವಾಪಸ್ ಬರುತ್ತದೆ. ನಮ್ಮ ಕಡೆ ಏಲಕ್ಕಿ ಇದೆಯಲ್ಲ! ಮಗಳ ಕೈಯಿಂದಲೇ ಒಂದು ಏಲಕ್ಕಿ ಅದರ ಹತ್ತಿರ ಇಡಿಸಿ. ಆಮೇಲೆ ಆ ನಿಯಮವನ್ನೇ ಎತ್ತಿಬಿಡಿ. ಮುಟ್ಟದೆ ಗೊಂಬೆ ಜೊತೆ ಆಡು ಅಂದರೆ ಆ ವಯಸ್ಸಿನ ಮಗು ಏನು ಮಾಡಬೇಕು ಹೇಳಿ.

ದಿನಾ ದೊಡ್ಡ ದೃಶ್ಯ ಬೇಡವೇ ಬೇಡ. ಜಾಗ ಬದಲಾದರೆ ಸಾಕು. ಕಾಫಿ ಫಿಲ್ಟರಿನ ಮೇಲೆ ಕಾಲು ಇಳಿಬಿಟ್ಟು ಕೂತಿರಲಿ, ಚಕ್ಕುಲಿ ಒರಳಿನೊಳಗಿಂದ ತಲೆ ಹಾಕಲಿ, ಕೊಯ್ಲಿನ ಬುಟ್ಟಿಯಲ್ಲಿ ಮಲಗಿರಲಿ, ಅಪ್ಪನ ಗಂಬೂಟಿನಲ್ಲಿ ನಿಂತಿರಲಿ. ಎತ್ತಿಡಲು ಆಗದ ದಿನ "ಚಳಿ ಜಾಸ್ತಿ, ಇವತ್ತು ರಜೆ" ಅಂತ ಚೀಟಿ, ಮೇಲೊಂದು ಕರ್ಚೀಫ್ ಹೊದಿಕೆ. ನಮ್ಮ ಮಕ್ಕಳಿಗೆ ತುಂಬಾ ಇಷ್ಟವಾದದ್ದು ಆ ರಜೆಯ ದಿನಗಳೇ. ಗೊಂಬೆಗೆ ಜ್ವರ ಬಂದಿದೆ ಅಂತ ಕಷಾಯ ಮಾಡುತ್ತಿದ್ದರು.

ವಾಟ್ಸಾಪ್ ಗುಂಪನ್ನು ಈ ತಿಂಗಳು ಮ್ಯೂಟ್ ಮಾಡಿ. ನೆಂಟರಿಗೆ ನೇರವಾಗಿ ಹೇಳಿ, ಈ ಮನೆಯಲ್ಲಿ ಗೊಂಬೆ ಹೆಸರಲ್ಲಿ ಹೆದರಿಸುವ ಹಾಗಿಲ್ಲ ಅಂತ.

ಹಾಸನದ ಗೋದಲಿ

ಮೇಲಿನವರು ಹೇಳಿದ ಏಲಕ್ಕಿ ವಿಚಾರ ಇಷ್ಟವಾಯಿತು. ನನ್ನ ಮಾತು ಸ್ವಲ್ಪ ಬೇರೆ. ಎಲ್ಫ್ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅದರಲ್ಲಿ ಆಟವೆಲ್ಲ ದೊಡ್ಡವರದ್ದು, ಮಕ್ಕಳು ನೋಡುವವರು ಮಾತ್ರ. ಅದಕ್ಕೇ ಅದು ನಿಮಗೆ ಭಾರ ಆಗಿರುವುದು. ಮಕ್ಕಳ ಕೈಗೆ ಕೆಲಸ ಕೊಡುವ ಆಟಗಳು ನಮ್ಮ ಹಬ್ಬದಲ್ಲಿ ಬೇಕಾದಷ್ಟಿವೆ.

ಗೋದಲಿಯನ್ನೇ ತೆಗೆದುಕೊಳ್ಳಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯವನ್ನು ಗೊಂಬೆಗಳಿಟ್ಟು ಕಟ್ಟುವುದು. ಎಷ್ಟೋ ಮನೆಗಳಲ್ಲಿ ಅಪ್ಪ ಕೂತು ಚೆಂದವಾಗಿ ಕಟ್ಟುತ್ತಾರೆ, ಮಕ್ಕಳಿಗೆ "ದೂರ ನಿಲ್ಲು, ಒಡೆದುಹೋಗುತ್ತೆ" ಅನ್ನುತ್ತಾರೆ. ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಮೊದಲು ಗೋದಲಿ ಮಾಡಿದಾಗ ಅಲ್ಲಿ ಗಾಜಿನ ಗೊಂಬೆ ಇರಲಿಲ್ಲ, ನಿಜವಾದ ಹುಲ್ಲು, ನಿಜವಾದ ಎತ್ತು, ಕತ್ತೆ ಇದ್ದವು. ಯೇಸು ಹುಟ್ಟಿದ್ದು ಹೇಗಿತ್ತು ಅಂತ ಕಣ್ಣಾರೆ ಕಾಣಲಿ ಅಂತಲೇ ಮಾಡಿದ್ದು. ಹಾಗಾಗಿ ನಾವು ಒಡೆಯುವ ಗೊಂಬೆ ಎತ್ತಿಟ್ಟು, ಜೇಡಿಮಣ್ಣು ಕೊಟ್ಟುಬಿಟ್ಟೆವು. ನಮ್ಮ ಗೋದಲಿಯಲ್ಲಿ ಈಗ ಕುರಿಯ ಜೊತೆ ಆನೆ ಇದೆ, ಕಾಟಿ ಇದೆ, ಒಂದು ಕೆಎಸ್ಆರ್‌ಟಿಸಿ ಬಸ್ಸೂ ಇದೆ. ಒಂದು ವರ್ಷ ಮಕ್ಕಳು ರಟ್ಟಿನಲ್ಲಿ ಶೆಟ್ಟಿಹಳ್ಳಿ ಚರ್ಚ್ ಮಾಡಿದರು. ಗೊರೂರು ಹಿನ್ನೀರಿನದು, 1860ರ ಹೊತ್ತಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದ್ದು, ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮೇಲೆ ಬರುತ್ತದಲ್ಲ, ಅದೇ. ತಟ್ಟೆಯಲ್ಲಿ ನೀರು ತುಂಬಿಸಿ ಮಧ್ಯೆ ನಿಲ್ಲಿಸಿದರು. ಎರಡೇ ದಿನಕ್ಕೆ ರಟ್ಟು ನೆನೆದು ಕುಸಿಯಿತು, ಮತ್ತೆ ತಗಡಿನ ಡಬ್ಬಿ ಕತ್ತರಿಸಿ ಕಟ್ಟಿದರು. ಅಷ್ಟು ಉತ್ಸಾಹ ಯಾವ ಎಲ್ಫ್ ಗೊಂಬೆಗೂ ಬರಲಿಲ್ಲ.

ಇನ್ನೊಂದು, ಹುಲ್ಲಿನ ಆಟ. ಖಾಲಿ ತೊಟ್ಟಿಲು ಮೊದಲೇ ಇಡಿ, ಬಾಲಯೇಸುವನ್ನು ಇಡುವುದು 24ರ ರಾತ್ರಿಯೇ. ಯಾರಾದರೂ ಯಾರಿಗಾದರೂ ಒಂದು ಒಳ್ಳೆಯ ಕೆಲಸ ಮಾಡಿದರೆ ಒಂದು ಎಳೆ ಹುಲ್ಲು ತೊಟ್ಟಿಲಿಗೆ. ಮಗುವಿಗೆ ಹಾಸಿಗೆ ಮೆತ್ತಗಾಗಬೇಕು. ಇದರಲ್ಲಿ ಕಳೆಯುವುದು ಇಲ್ಲ, ಕೂಡುವುದು ಮಾತ್ರ. ತಪ್ಪು ಮಾಡಿದರೆ ಹುಲ್ಲು ತೆಗೆಯುವ ಹಾಗಿಲ್ಲ, ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅಪ್ಪ ಅಮ್ಮನೂ ಹಾಕಬೇಕು.

ಮತ್ತೆ ಮೂರು ರಾಯರು, ಬಾಲಯೇಸುವನ್ನು ನೋಡಲು ಪೂರ್ವದಿಂದ ಬಂದವರು. ಇದು ನಿಮಗೆ ಸರಿಯಾಗಿ ಹೊಂದುತ್ತದೆ, ಯಾಕೆಂದರೆ ಇದೂ ಜಾಗ ಬದಲಾಯಿಸುವ ಆಟವೇ. ರಾಯರ ಗೊಂಬೆಗಳನ್ನು ಗೋದಲಿಯಲ್ಲಿ ಇಡಬೇಡಿ. ಮನೆಯ ಪೂರ್ವದ ಮೂಲೆಯಲ್ಲಿ ಇಡಿ. ದಿನಾ ಮಕ್ಕಳೇ ಸ್ವಲ್ಪ ಸ್ವಲ್ಪ ಮುಂದೆ ನಡೆಸಲಿ, ಅಡುಗೆ ಮನೆ ದಾಟಿ, ಟಿವಿ ಮೇಲೆ ಹತ್ತಿ ಇಳಿದು, ಜನವರಿ 6ಕ್ಕೆ ಗೋದಲಿ ಮುಟ್ಟಬೇಕು. ಹಬ್ಬ ಮುಗಿದ ಮೇಲೂ ಆಟ ಉಳಿಯುತ್ತದೆ. ನೀವು ರಾತ್ರಿ ಎದ್ದಿರುವ ಅಗತ್ಯವೇ ಇಲ್ಲ.

ಬಸವನಹಳ್ಳಿ ಅಮ್ಮ, ಚಿಕ್ಕಮಗಳೂರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಚೀಟಿ ಬರೆದಾಯಿತು, ನಾಳೆ ಬೆಳಿಗ್ಗೆ ಸಿಗುತ್ತದೆ. ಮೂರು ರಾಯರಿಗೆ ಎಲ್ಫ್ ದಾರಿ ತೋರಿಸುವ ಹಾಗೆ ಮಾಡಬಹುದು ಅನ್ನಿಸುತ್ತಿದೆ.

ಆದರೆ ಮಗನ ಪ್ರಶ್ನೆಗೆ ಏನು ಹೇಳಲಿ? ಅವನಿಗೆ ಸುಳ್ಳು ಹೇಳಲು ಮನಸ್ಸಿಲ್ಲ. ನಿಜ ಹೇಳಿದರೆ ತಂಗಿಗೆ ಹೇಳಿಬಿಡುತ್ತಾನೆ.

ಸಕಲೇಶಪುರದ ಅಜ್ಜಿ

ಮಗಳೇ, ಒಂಬತ್ತು ವರ್ಷದ ಹುಡುಗ ನೇರವಾಗಿ ಕೇಳಿದ ಮೇಲೆ ನೇರವಾಗಿ ಹೇಳು. ಅವನು ಕೇಳುತ್ತಿರುವುದೇ ಗೊತ್ತಾದ ಮೇಲೆ. ಇಲ್ಲ ಇಲ್ಲ ಅಂತ ಸಾಧಿಸಿದರೆ ನಾಳೆ ಬೇರೆ ವಿಷಯದಲ್ಲೂ ನಿನ್ನ ಮಾತು ನಂಬುವುದಿಲ್ಲ.

ಆದರೆ ಹೇಳುವ ರೀತಿ ಇದೆ. ತಂಗಿ ಮಲಗಿದ ಮೇಲೆ ಅವನೊಬ್ಬನನ್ನೇ ಕೂರಿಸಿಕೊಂಡು ನಿಕೊಲಾಸ್ ಬಿಷಪರ ಕಥೆ ಹೇಳು. ಈಗಿನ ಟರ್ಕಿ ದೇಶದಲ್ಲಿ ಮೈರಾ ಅಂತ ಊರು, ನಾಲ್ಕನೇ ಶತಮಾನ. ಒಬ್ಬ ಬಡವನಿಗೆ ಮೂರು ಹೆಣ್ಣುಮಕ್ಕಳು, ಮದುವೆಗೆ ಕಾಸಿಲ್ಲ. ನಿಕೊಲಾಸರು ರಾತ್ರಿ ಯಾರಿಗೂ ಕಾಣದ ಹಾಗೆ ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋಗುತ್ತಿದ್ದರಂತೆ. ಸಾಂತಾ ತಾತ ಹುಟ್ಟಿದ್ದು ಆ ಕಥೆಯಿಂದ. ಡಿಸೆಂಬರ್ 6 ಅವರ ಹಬ್ಬ, ಯೂರೋಪಿನಲ್ಲಿ ಹಿಂದಿನ ರಾತ್ರಿ ಮಕ್ಕಳು ಬಾಗಿಲಲ್ಲಿ ಬೂಟು ಇಟ್ಟು ಮಲಗುತ್ತಾರೆ. ಬೂಟಿನಲ್ಲಿ ಕಿತ್ತಳೆ ಹಾಕುವುದು ಆ ಚಿನ್ನದ ನೆನಪಿಗೆ ಅನ್ನುತ್ತಾರೆ. ನಮ್ಮ ತೋಟಗಳಲ್ಲಿ ಈಗ ಕಿತ್ತಳೆ ಕಾಲ, ನಿನಗೆ ದುಡ್ಡೂ ಖರ್ಚಿಲ್ಲ.

ಕಥೆ ಆದ ಮೇಲೆ ಹೇಳು, "ಕಾಣದ ಹಾಗೆ ಕೊಡೋ ಕೆಲಸ ಇಷ್ಟು ದಿನ ನಾವು ಮಾಡ್ತಿದ್ವಿ, ಈ ವರ್ಷದಿಂದ ನೀನೂ ಸೇರ್ಕೋ." ಗೊಂಬೆಯನ್ನು ಅವನ ಕೈಗೆ ಕೊಡು. ದಿನಾ ರಾತ್ರಿ ಎಲ್ಲಿಡಬೇಕು ಅಂತ ಅವನೇ ತೀರ್ಮಾನಿಸಲಿ. ನನ್ನ ದೊಡ್ಡ ಮೊಮ್ಮಗನಿಗೆ ಹೀಗೇ ಕೊಟ್ಟೆವು. ಗುಟ್ಟು ಬಿಡುವ ಮಾತಿರಲಿ, ಚಿಕ್ಕವನು ಅನುಮಾನ ಪಟ್ಟರೆ ಅವನೇ ಹೊಸ ಹೊಸ ಕಥೆ ಕಟ್ಟಿ ಕಾಪಾಡುತ್ತಿದ್ದ. ಗುಟ್ಟು ಗೊತ್ತಿರುವ ದೊಡ್ಡವರ ಸಾಲಿಗೆ ಸೇರಿದೆ ಅನ್ನುವ ಸಂತೋಷ ಆ ವಯಸ್ಸಿಗೆ ಎಷ್ಟು ದೊಡ್ಡದು ಗೊತ್ತಾ.

ಕುಸ್ವಾರ್, ಅದೇ ಕ್ರಿಸ್ಮಸ್ ತಿಂಡಿಗಳು, ಮಾಡುವಾಗಲೂ ಇಬ್ಬರನ್ನೂ ಕೂರಿಸಿಕೋ. ಕಿಡಿಯೊ ಅನ್ನುವ ಕರಿದ ಸುರುಳಿ ತಿಂಡಿಯ ಹಿಟ್ಟನ್ನು ಫೋರ್ಕಿನ ಹಿಂಭಾಗಕ್ಕೆ ಒತ್ತಿ ಸುರುಳಿ ಸುತ್ತುವುದು ಮಕ್ಕಳ ಬೆರಳಿಗೇ ಸರಿ. ಸೊಟ್ಟ ಬಂದರೂ ಕರಿ, ಅವರು ಸುತ್ತಿದ್ದನ್ನೇ ಅಕ್ಕಪಕ್ಕದ ಮನೆಗೆ ಹಂಚು. ಎಣ್ಣೆ ಬಾಣಲೆ ಹತ್ತಿರ ಮಾತ್ರ ಬಿಡಬೇಡ.

ಬೇಲೂರು ರಸ್ತೆ

ನಮ್ಮದು ಕ್ರಿಸ್ಮಸ್ ಮಾಡುವ ಮನೆಯಲ್ಲ, ದಸರಾಕ್ಕೆ ಗೊಂಬೆ ಕೂರಿಸುವವರು. ಪಕ್ಕದ ಮನೆಯ ಗೋದಲಿ ನೋಡಲು ನಮ್ಮ ಮಕ್ಕಳು ವರ್ಷವರ್ಷ ಹೋಗುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮಲ್ಲೂ ಇದೇ ತೊಂದರೆ ಇತ್ತು. ಪಟ್ಟದ ಗೊಂಬೆ ಮುಟ್ಟಬಾರದು, ಸರಿ. ಕೆಳಗಿನ ಮೆಟ್ಟಿಲನ್ನು ಪೂರ್ತಿ ಮಕ್ಕಳಿಗೆ ಬಿಟ್ಟುಕೊಟ್ಟೆವು, ಅಲ್ಲಿ ಅವರದ್ದೇ ಊರು, ಅವರದ್ದೇ ಸಂತೆ. ಗೋದಲಿಯಲ್ಲೂ ಹಾಗೆ ಒಂದು ಭಾಗ ಬಿಡಬಹುದು ಅಲ್ವಾ?

ಇನ್ನೊಂದು ಮಾತು. ನಾನು ವೈರಿಂಗ್ ಕೆಲಸ ಮಾಡುವವನು. ಗೋದಲಿಯಲ್ಲಿ ಹಿಮಕ್ಕೆ ಅಂತ ಹತ್ತಿ ಹರಡಿ, ಅದರ ಮೇಲೇ ಸೀರಿಯಲ್ ಬಲ್ಬ್ ಎಳೆಯುತ್ತಾರೆ, ಕೆಳಗೆ ಒಣಹುಲ್ಲು ಬೇರೆ. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಇಡಿ ಸರವನ್ನೇ ಹಾಕಿ, ವೈರ್ ಸುಲಿದಿದ್ದರೆ ಆ ಸರ ಬಿಸಾಡಿ, ಮಲಗುವಾಗ ಪ್ಲಗ್ ತೆಗೆಯಿರಿ. ಹೊರಗೆ ನಕ್ಷತ್ರ ಕಟ್ಟುವಾಗ ಹೋಲ್ಡರಿಗೆ ಇಬ್ಬನಿ ನೀರು ಇಳಿಯದ ಹಾಗೆ ನೋಡಿಕೊಳ್ಳಿ, ಚಿಕ್ಕಮಗಳೂರಿನ ಇಬ್ಬನಿ ಗೊತ್ತಲ್ಲ.

ಬಸವನಹಳ್ಳಿ ಅಮ್ಮ, ಚಿಕ್ಕಮಗಳೂರು

ಬಲ್ಬಿನ ವಿಷಯ ಹೇಳಿದ್ದು ಒಳ್ಳೆಯದಾಯಿತು, ನಮ್ಮಲ್ಲೂ ಹತ್ತಿಯೇ ಇದೆ, ಇವತ್ತೇ ತೆಗೆಯುತ್ತೇನೆ. ಅಜ್ಜಿ, ಮಗನಿಗೆ ಶನಿವಾರ ರಾತ್ರಿ ಹೇಳುತ್ತೇನೆ. ಹತ್ತಿ ತೆಗೆದ ಜಾಗಕ್ಕೆ ಏನು ಹಾಕಲಿ? ನಮ್ಮಮ್ಮ ಗೋದಲಿಗೆ ರಾಗಿ ಬಿತ್ತಿ ಹಸಿರು ಮಾಡುತ್ತಿದ್ದರು. ಮಗಳಿಗೆ ಆ ಕೆಲಸ ಕೊಡೋಣ ಅಂತ. ಯಾವಾಗ ಬಿತ್ತಬೇಕು?

ಹಾಸನದ ಗೋದಲಿ

ರಾಗಿಯೇ ಒಳ್ಳೆಯದು, ಭತ್ತ ನಿಧಾನ. ಹನ್ನೆರಡು ಹದಿಮೂರನೇ ತಾರೀಖಿಗೆ ಬಿತ್ತಿಸಿ. ನಮ್ಮ ಕಡೆ ಡಿಸೆಂಬರ್ ಚಳಿಗೆ ಮೊಳಕೆ ತಡ, ಬಯಲುಸೀಮೆಯವರ ಲೆಕ್ಕ ಹಿಡಿಯಬೇಡಿ. ಹಿಂದಿನ ರಾತ್ರಿ ನೆನೆಹಾಕಿ, ಅಗಲ ತಟ್ಟೆಯಲ್ಲಿ ಒಂದು ಬೆರಳು ದಪ್ಪ ಮಣ್ಣು, ಮೇಲೆ ರಾಗಿ ಒತ್ತೊತ್ತಾಗಿ ಉದುರಿಸಿ ಒದ್ದೆ ಬಟ್ಟೆ ಮುಚ್ಚಿ. ಬಿಳಿ ಮೊಳಕೆ ಕಂಡ ದಿನ ಬಟ್ಟೆ ತೆಗೆದು ಕಿಟಕಿ ಬೆಳಕಿಗೆ ಇಡಿ. ಸುರಿಯುವುದು ಬೇಡ, ಮಗಳಿಗೆ ಒಂದು ಸ್ಪ್ರೇ ಬಾಟಲಿ ಕೊಡಿ, ಬೆಳಿಗ್ಗೆ ಸಂಜೆ ಅವಳೇ ಚಿಮುಕಿಸಲಿ. ಇಲಿ ಕಾಟ ಇದ್ದರೆ ರಾತ್ರಿ ಮೇಲೆ ಜರಡಿ ಬೋರಲು ಹಾಕಿ. ಎರಡು ತಟ್ಟೆ ಬಿತ್ತಿದರೆ ಇನ್ನೂ ಒಳ್ಳೆಯದು, ಒಂದು ಕೊಳೆತರೂ ಇನ್ನೊಂದು ಇರುತ್ತದೆ.