ಪೆರೋಟಿಡ್ ಕ್ಯಾನ್ಸರ್: ಆಪರೇಷನ್‌ಗೆ ಮುಂಚೆ ಮುಖದ ನರದ ಸ್ಕ್ಯಾನ್ ಬೇಕೇ?

ಪ್ರಶ್ನೆ (ಜಯನಗರ): ಅತ್ತೆಯವರಿಗೆ ಕಿವಿ ಕೆಳಗಿನ ಜೊಲ್ಲು ಗ್ರಂಥಿಯಲ್ಲಿ (ಪೆರೋಟಿಡ್) ಗಡ್ಡೆ. ಸೂಜಿ ಪರೀಕ್ಷೆಯಲ್ಲಿ ಅಡಿನಾಯ್ಡ್ ಸಿಸ್ಟಿಕ್ ಅನ್ನೋ ಬಗೆಯ ಕ್ಯಾನ್ಸರ್ ಅಂತ ಬಂದಿದೆ. ಎಂಆರ್‌ಐ ರಿಪೋರ್ಟಿನಲ್ಲಿ ಆ ಗ್ರಂಥಿಯೊಳಗೆ ಹಾದು ಮುಖವನ್ನು ಆಡಿಸುವ ನರದ ವಿಷಯವೇ ಇಲ್ಲ. ಮತ್ತೆ ಮಾಡಿಸಬೇಕಾ?

ಉತ್ತರ 1: ಸಾಮಾನ್ಯ ಎಂಆರ್‌ಐನಲ್ಲಿ ಗ್ರಂಥಿಯೊಳಗಿನ ನರ ಸರಿಯಾಗಿ ಕಾಣಲ್ಲ. ದವಡೆ ಹಿಂದಿನ ರಕ್ತನಾಳ ನೋಡಿ ನರದ ಜಾಗ ಅಂದಾಜು ಮಾಡುತ್ತಾರೆ. ದೊಡ್ಡ ಗಡ್ಡೆ ಆ ರಕ್ತನಾಳವನ್ನೇ ಪಕ್ಕಕ್ಕೆ ತಳ್ಳಿದ್ದರೆ ಅಂದಾಜು ಕೆಡುತ್ತದೆ. ನರವೇ ಕಾಣಬೇಕೆಂದರೆ 3 ಟೆಸ್ಲಾ (ಹೆಚ್ಚು ಶಕ್ತಿಯ ಅಯಸ್ಕಾಂತದ) ಯಂತ್ರ, 1 ಮಿ.ಮೀ.ಗಿಂತ ತೆಳು ಸ್ಲೈಸ್, ತ್ರೀಡಿ ಡೆಸ್‌ನಂಥ ಸೀಕ್ವೆನ್ಸ್ (ಚಿತ್ರ ತೆಗೆಯುವ ವಿಶೇಷ ವಿಧಾನ) ಬೇಕು. ಬುಕ್ ಮಾಡುವಾಗಲೇ ಕೇಳಿ. ಆಗಲೂ ಮುಖ್ಯ ಕಾಂಡ ಕಂಡಷ್ಟು ಚೆನ್ನಾಗಿ ತುದಿಯ ಕವಲುಗಳು ಕಾಣಲ್ಲ. ಹಲ್ಲಿಗೆ ಲೋಹದ ಕ್ಯಾಪ್ ಇದ್ದರೆ, ಮಧ್ಯೆ ಎಂಜಲು ನುಂಗುತ್ತಿದ್ದರೆ ಚಿತ್ರ ಕೆಡುತ್ತದೆ.

ಉತ್ತರ 2: ಅಡಿನಾಯ್ಡ್ ಸಿಸ್ಟಿಕ್ ಅಂದಮೇಲೆ ನರದ ಗುಂಟ ಹರಡಿದೆಯಾ ಅನ್ನೋದೇ ದೊಡ್ಡ ಪ್ರಶ್ನೆ. ಕಾಂಟ್ರಾಸ್ಟ್ (ರಕ್ತನಾಳಕ್ಕೆ ಕೊಡುವ ಚಿತ್ರ ಸ್ಪಷ್ಟಗೊಳಿಸುವ ಔಷಧಿ) ಕೊಟ್ಟು, ಕೊಬ್ಬಿನ ಹೊಳಪು ಅಡಗಿಸಿ ತೆಗೆದ ಚಿತ್ರದಲ್ಲಿ ಕಿವಿ ಹಿಂದೆ ನರ ತಲೆಬುರುಡೆಯಿಂದ ಹೊರಬರುವ ರಂಧ್ರದ ತನಕ ನೋಡಿಸಿ. ಅಲ್ಲಿ ನರ ದಪ್ಪಗಾಗಿ ಹೊಳೆಯುತ್ತಿದ್ದರೆ ಆಪರೇಷನ್ ಯೋಜನೆಯೇ ಬದಲಾಗಬಹುದು. ಮುಖ ಚೆನ್ನಾಗಿ ಆಡುತ್ತಿದ್ದರೆ ನರ ಉಳಿಸಲು ನೋಡುತ್ತಾರೆ. ಕ್ಯಾನ್ಸರ್ ಸುತ್ತುವರಿದಿದ್ದರೆ ಕತ್ತರಿಸಿ, ಕಾಲಿನ ಸೂರಲ್ ನರ ತಂದು ಜೋಡಿಸಬೇಕಾಗಬಹುದು. ಅದಕ್ಕೂ ಒಪ್ಪಿಗೆ ಮೊದಲೇ ಆಗಿರಲಿ. ಸ್ಕ್ಯಾನ್ ಎಷ್ಟೇ ಚೆನ್ನಾಗಿದ್ದರೂ ಆಪರೇಷನ್ ಥಿಯೇಟರಿನಲ್ಲಿ ನರ್ವ್ ಮಾನಿಟರ್ (ನರ ಎಲ್ಲಿದೆ, ಕೆಲಸ ಮಾಡುತ್ತಿದೆಯಾ ಎಂದು ತೋರಿಸುವ ಯಂತ್ರ) ಇರಲಿ.

ಉತ್ತರ 3: ಮೇಡಂ, ಹೊಸ ಸ್ಕ್ಯಾನ್‌ಗೆ ಮುಂಚೆ ಹಳೆಯದರ ಸಿಡಿಯನ್ನು ತಲೆ-ಕುತ್ತಿಗೆ ನೋಡುವ ರೇಡಿಯಾಲಜಿಸ್ಟ್‌ಗೆ ತೋರಿಸಿ, ಫಿಲ್ಮ್ ಸಾಲದು. ಕಾಂಟ್ರಾಸ್ಟ್ ಇದ್ದರೆ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ರಿಪೋರ್ಟ್ ಕೈಯಲ್ಲಿರಲಿ.