ಮೊದಲ ಸಲ ಬರೆಸುವ ಗ್ರಾಹಕರು ಮತ್ತು ಮುಗಿಯದ ತಿದ್ದುಪಡಿ

ಪ್ರಶ್ನೆ (ಶಿರಸಿಯಿಂದ):
ಜಾಲತಾಣ, ಕರಪತ್ರ, ಲೇಬಲ್‌ಗಳಿಗೆ ಕನ್ನಡದಲ್ಲಿ ಬರೆದುಕೊಡುವ ಕೆಲಸವನ್ನು ಸ್ವತಂತ್ರವಾಗಿ ಮಾಡುತ್ತಿದ್ದೇನೆ. ಈವರೆಗೆ ಯಾರಿಂದಲೂ ಏನನ್ನೂ ಬರೆಸಿ ಗೊತ್ತಿಲ್ಲದ, ಸೋಂದಾ ಕಡೆಯ ಹೋಮ್‌ಸ್ಟೇ ಯಜಮಾನರೊಬ್ಬರಿಗೆ ಸಹಸ್ರಲಿಂಗ, ಯಾಣ, ಬನವಾಸಿಗಳ ಮಾಹಿತಿಯನ್ನೂ ಸೇರಿಸಿ ಜಾಲತಾಣದ ಬರಹ ಸಿದ್ಧಪಡಿಸಿಕೊಟ್ಟೆ. ‘ಚೊಲೋ ಇದ್ದು ತಂಗಿ, ಇನ್ನೊಂಚೂರು ಚಂದ ಮಾಡು’ ಎಂದರು. ಯಾವುದು ಬದಲಾಗಬೇಕೆಂದು ಕೇಳಿದರೆ ಉತ್ತರವಿಲ್ಲ. ಈಗ ಬೆಂಗಳೂರಿನಲ್ಲಿರುವ ಅವರ ಮಗ ಭಾಷೆ ಹಳತಾಯಿತೆಂದೂ, ಭಾವನವರು ಅಡಿಕೆ ತೋಟದ ಇತಿಹಾಸ ಬೇಕೆಂದೂ ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸತೊಡಗಿದ್ದಾರೆ. ಪರಿಚಯದವರಾದ್ದರಿಂದ ಮುಂಗಡ ಕೇಳಲಿಲ್ಲ, ಬಿಗಿಯಾಗಿ ಮಾತಾಡಲೂ ಆಗುತ್ತಿಲ್ಲ. ಏನು ಮಾಡಬಹುದು?

ಉತ್ತರ 1 (ಕುಮಟಾದಿಂದ):
ಅವರಿಗೆ ಬರಹದ ಬಗ್ಗೆ ಹೇಳಲು ಬಾರದು, ಅತಿಥಿಗಳ ಬಗ್ಗೆ ಕೇಳಿದರೆ ತಾಸುಗಟ್ಟಲೆ ಹೇಳುತ್ತಾರೆ. ಆದ್ದರಿಂದ ಬರಹ ಹೇಗಿರಬೇಕೆಂದು ಕೇಳುವುದನ್ನು ಬಿಟ್ಟು, ಮಳೆಗಾಲದಲ್ಲಿ ಕಾರು ಅಂಗಳದವರೆಗೆ ಬರುತ್ತದೆಯೇ, ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಫೋನ್ ಮಾಡಿದವರು ಮೊದಲು ಏನನ್ನು ವಿಚಾರಿಸುತ್ತಾರೆ ಎಂದು ಕೇಳಿ. ನನ್ನಿಂದ ಬರೆಸಿದ ಒಬ್ಬರು ‘ಪ್ರಕೃತಿಯ ಮಡಿಲು’ ಎಂಬ ಮಾತು ಇರಲೇಬೇಕೆಂದು ಹಟ ಹಿಡಿದಿದ್ದರು. ಅವರಲ್ಲಿಗೆ ಬರುವವರು ಕೇಳುತ್ತಿದ್ದುದು ಮಾತ್ರ ಉಂಬಳದ (ಜಿಗಣೆಯ) ಕಾಟ ಎಷ್ಟಿದೆ ಎಂದು. ಅದಕ್ಕೆ ನೇರ ಉತ್ತರ ಬರೆದ ಮೇಲೆ ಮಡಿಲಿನ ಮಾತನ್ನು ಅವರೇ ಕೈಬಿಟ್ಟರು. ಇನ್ನು ಮಗ, ಭಾವನವರ ಸಲಹೆಗಳೆಲ್ಲ ಯಜಮಾನರ ಮೂಲಕ, ಒಂದೇ ಬಾರಿಗೆ, ಬರಹದಲ್ಲೇ ಬರಲಿ ಎಂದು ವಿನಯದಿಂದ ತಿಳಿಸಿ. ಪರಸ್ಪರ ಒಪ್ಪದ ಸಲಹೆಗಳಿದ್ದರೆ ಅದನ್ನು ಅವರ ಮನೆಯಲ್ಲೇ ಬಗೆಹರಿಸಿಕೊಳ್ಳಲಿ.

ಉತ್ತರ 2 (ಕಾರವಾರದಿಂದ):
ಮೇಲಿನ ಮಾತು ಸರಿ, ಆದರೆ ಹಣದ ವಿಷಯ ಉಳಿಯಿತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನೌಕರಿಯಲ್ಲಿಲ್ಲದೆ ಸ್ವತಂತ್ರವಾಗಿ ಬರೆದುಕೊಟ್ಟ ಇಂಥ ಬರಹದ ಮೊದಲ ಹಕ್ಕುದಾರರು ಬರೆದವರೇ. ಹಕ್ಕನ್ನು ವರ್ಗಾಯಿಸಬೇಕಾದರೆ ಸಹಿ ಮಾಡಿದ ಲಿಖಿತ ಪತ್ರ ಬೇಕು, ಅದರಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷವೆಂದೇ ಲೆಕ್ಕ. ಪರಿಚಯದವರ ಮುಂದೆ ಕಾಯ್ದೆಯ ಮಾತೆತ್ತುವುದು ಬೇಡ. ಎಷ್ಟು ಪುಟ, ಎಷ್ಟು ಸಲ ತಿದ್ದುಪಡಿ, ಪೂರ್ತಿ ಹಣ ಸಂದ ಮೇಲೆ ಹಕ್ಕು ಅವರಿಗೆ ಎಂಬಷ್ಟನ್ನು ಅರ್ಧ ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಸಾಕು. ಮುಂದಿನ ತಿದ್ದುಪಡಿಗೆ ಕೈಹಾಕುವ ಮೊದಲು ಅರ್ಧ ಹಣ ಪಡೆಯಿರಿ.

ಉತ್ತರ 3 (ಸಿದ್ದಾಪುರದಿಂದ):
ಲೇಬಲ್ ಕೆಲಸದಲ್ಲಿ ಇನ್ನೂ ಎಚ್ಚರ ಬೇಕು. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಮಾರಾಟಕ್ಕೆ ಹಾಕುವವರಿಗೆ, ಅದರಲ್ಲೂ ಹೊಸಬರಿಗೆ, ಸಾಮಗ್ರಿಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ದಿನಾಂಕ, ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಕೊಡುವ ಸಂಖ್ಯೆ ಇರಬೇಕೆಂಬುದೇ ಎಷ್ಟೋ ಸಲ ತಿಳಿದಿರುವುದಿಲ್ಲ. ಅವನ್ನು ಅವರಿಂದಲೇ ಬರೆಸಿಕೊಳ್ಳಿ, ಊಹಿಸಿ ತುಂಬಬೇಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಯಜಮಾನರಿಗೆ ಪ್ರಶ್ನೆಗಳ ಪಟ್ಟಿಯನ್ನೂ ಅರ್ಧ ಪುಟದ ಪತ್ರವನ್ನೂ ನಾಳೆ ಒಟ್ಟಿಗೇ ಕಳಿಸುತ್ತೇನೆ. ಭಾವನವರು ಕೇಳಿದ ತೋಟದ ಇತಿಹಾಸ ಮೊದಲ ಮಾತುಕತೆಯಲ್ಲಿ ಇರಲಿಲ್ಲವಾದ್ದರಿಂದ, ಅದಕ್ಕೆ ಬೇರೆಯೇ ದರ ಹೇಳುತ್ತೇನೆ.