ಹೊರಗುತ್ತಿಗೆ ಸಂಬಳ, ಕಾಲುಸಂಕದ ಬಿಲ್, ಮಂತ್ರಿಗಳ ಉತ್ತರ: ಖಜಾನೆಯವರನ್ನು ಕೇಳಿ

ಪ್ರಶ್ನೆ (ಸಾಗರದಿಂದ, ಡೇಟಾ ಎಂಟ್ರಿ ಆಪರೇಟರ್): ನಮಸ್ತೆ ಸರ್. ನೀವು ಖಜಾನೆ ಇಲಾಖೆಯಲ್ಲಿದ್ದು ನಿವೃತ್ತರಾದವರು ಅಂತ ಅಡ್ಮಿನ್ ಹೇಳಿದರು. ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಏಜೆನ್ಸಿ ಮೂಲಕ ಕೆಲಸಕ್ಕಿದ್ದೇನೆ. ನಾಲ್ಕು ತಿಂಗಳಿಂದ ಸಂಬಳ ಬಂದಿಲ್ಲ. ನಮ್ಮ ಪರವಾಗಿ ಶಾಸಕರೊಬ್ಬರು ಸದನದಲ್ಲಿ ಪ್ರಶ್ನೆ ಕೇಳಿದರು. ಇಲಾಖೆಯಲ್ಲಿ ವೇತನ ಬಾಕಿಯೇ ಇಲ್ಲ ಅಂತ ಮಂತ್ರಿಗಳ ಲಿಖಿತ ಉತ್ತರ ಬಂತು. ಸದನದಲ್ಲೇ ಹೀಗೆ ಸುಳ್ಳು ಹೇಳಬಹುದಾ?

ಉತ್ತರ: ತಂಗಿ, ಆ ಉತ್ತರದಲ್ಲಿ ಸುಳ್ಳು ಹುಡುಕಿದರೆ ಸಿಗುವುದಿಲ್ಲ. ಸರ್ಕಾರದ ಲೆಕ್ಕದಲ್ಲಿ ನಿಮಗೆ ಬರುವ ಹಣಕ್ಕೆ ವೇತನ ಅನ್ನುವ ಹೆಸರೇ ಇಲ್ಲ. ಕಾಯಂ ಸಿಬ್ಬಂದಿಯ ವೇತನ 003 ಅನ್ನುವ ಲೆಕ್ಕ ಶೀರ್ಷಿಕೆಯ ಕೆಳಗೆ ಹೋಗುತ್ತದೆ. ನಿಮ್ಮದು ಬೇರೆ ವೆಚ್ಚದ ಶೀರ್ಷಿಕೆಯಲ್ಲಿ. ಅಂದರೆ ನಿಮ್ಮ ಕಚೇರಿ ಏಜೆನ್ಸಿಯಿಂದ ‘ಸೇವೆ’ ಖರೀದಿ ಮಾಡಿದೆ. ಕುರ್ಚಿ, ಪ್ರಿಂಟರ್ ಟೋನರ್ ತರಿಸುವುದಕ್ಕೆ ಯಾವ ಕಾಯ್ದೆಯೋ ನಿಮಗೂ ಅದೇ, 1999ರ ಕೆಟಿಪಿಪಿ, ಅಂದರೆ ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆ. ಕೇಳಲಿಕ್ಕೆ ಬೇಜಾರಾಗುತ್ತದೆ, ಗೊತ್ತು.

ಶಾಸಕರು ‘ವೇತನ ಬಾಕಿ ಇದೆಯೇ’ ಅಂತ ಕೇಳಿದಾಗ ಇಲಾಖೆಯವರು ಎಚ್‌ಆರ್‌ಎಂಎಸ್ (ಸರ್ಕಾರಿ ನೌಕರರ ವೇತನದ ತಂತ್ರಾಂಶ) ತೆರೆಯುತ್ತಾರೆ. ಅದರಲ್ಲಿ ಏಜೆನ್ಸಿಯವರ ಹೆಸರೇ ಇರುವುದಿಲ್ಲ. ಇದ್ದವರ ಬಿಲ್ಲೆಲ್ಲ ಆಗಿದೆ. ಕೇಸ್ ವರ್ಕರ್ ‘ಬಾಕಿ ಇರುವುದಿಲ್ಲ’ ಅಂತ ಒಂದು ಸಾಲು ಬರೆದು ಮೇಲಕ್ಕೆ ಕಳಿಸುತ್ತಾರೆ. ಅದೇ ಸಾಲು ನಾಲ್ಕಾರು ಮೇಜು ದಾಟಿ ಮಂತ್ರಿಗಳ ಉತ್ತರ ಆಗುತ್ತದೆ. ನಾನೂ ಅಂಥ ಸಾಲು ಬರೆದಿದ್ದೇನೆ, ಸುಮ್ನೆ ಮುಚ್ಚಿಡುವುದು ಯಾಕೆ?

ಇನ್ನು ಹಣ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ನೋಡಿ. ಟೆಂಡರ್ ಷರತ್ತಿನಲ್ಲಿ ಸಾಮಾನ್ಯವಾಗಿ ಏಜೆನ್ಸಿ ಮೊದಲು ಕೈಯಿಂದ ಸಂಬಳ ಕೊಡಬೇಕು ಅಂತ ಇರುತ್ತದೆ. ಆಮೇಲೆ ಹಾಜರಿ ಪಟ್ಟಿ, ಬ್ಯಾಂಕಿಗೆ ಹಾಕಿದ ವಿವರ, ಪಿಎಫ್ ಚಲನ್ ಇಟ್ಟು ಕಚೇರಿಗೆ ಬಿಲ್ ಕೊಡಬೇಕು. ಕಚೇರಿಯ ಡಿಡಿಒ (ಬಿಲ್ಲಿಗೆ ಸಹಿ ಹಾಕುವ ಅಧಿಕಾರಿ) ಅದನ್ನು ಖಜಾನೆ-2 ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಹಾಕುತ್ತಾರೆ, ಖಜಾನೆ ಪಾಸ್ ಮಾಡುತ್ತದೆ. ಆದರೆ ಎಷ್ಟೋ ಏಜೆನ್ಸಿಗಳು ಸರ್ಕಾರದ ದುಡ್ಡು ಬರದೆ ಒಂದು ಪೈಸೆ ಬಿಚ್ಚುವುದಿಲ್ಲ. ಸಂಬಳ ಕೊಡದೆ ಚಲನ್ ಇಲ್ಲ, ಚಲನ್ ಇಲ್ಲದೆ ಬಿಲ್ ಇಲ್ಲ, ಬಿಲ್ ಆಗದೆ ಸಂಬಳ ಇಲ್ಲ. ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತು.

ಏಜೆನ್ಸಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಚೇರಿಯೇ ನಿಮಗೆ ಕೊಟ್ಟು, ಆಮೇಲೆ ಏಜೆನ್ಸಿಯಿಂದ ಮುರಿದುಕೊಳ್ಳಬೇಕು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ ಬಂದ ಮಾತಿದು, ಹೊಸ ಕಾರ್ಮಿಕ ಸಂಹಿತೆಯಲ್ಲೂ ಉಳಿದಿದೆ. ಕಚೇರಿ ಮುಖ್ಯಸ್ಥರಿಗೆ ಹೀಗಂತ ಬರವಣಿಗೆಯಲ್ಲಿ ಕೊಡಿ, ಪ್ರತಿಯನ್ನು ಕಾರ್ಮಿಕ ಅಧಿಕಾರಿಗೆ ಹಾಕಿ. ಮುದ್ರೆ ಹಾಕಿಸಿಕೊಂಡ ಸ್ವೀಕೃತಿ ಪ್ರತಿ ಇಲ್ಲದೆ ಮಾತ್ರ ವಾಪಸ್ ಬರಬೇಡಿ.

ಶಾಸಕರು ಮತ್ತೆ ಕೇಳುವುದಾದರೆ ಪ್ರಶ್ನೆ ಬದಲಿಸಲಿ. ‘ಹೊರಗುತ್ತಿಗೆ ಏಜೆನ್ಸಿಗಳು ಯಾವ ಯಾವ ತಿಂಗಳ ಬಿಲ್ ಸಲ್ಲಿಸಿವೆ, ಯಾವ ದಿನಾಂಕದಂದು ಪಾವತಿಯಾಗಿದೆ, ಪ್ರತಿ ತಿಂಗಳು ಎಷ್ಟು ಜನರಿಗೆ ಪಿಎಫ್ ಕಟ್ಟಲಾಗಿದೆ’ ಅಂತ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಇನ್ನೂ ಒಳ್ಳೆಯದು, ಮಂತ್ರಿಗಳು ಎದ್ದು ನಿಂತು ಹೇಳಬೇಕು, ಮೇಲೆ ಉಪಪ್ರಶ್ನೆ ಹಾಕಬಹುದು. ಅಲ್ಲಿವರೆಗೆ ಕಾಯಲಾಗದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಇದನ್ನೇ ಕೇಳಿ. 30 ದಿನದೊಳಗೆ ಕೊಡಬೇಕು.

ಸೊರಬದಿಂದ ಒಬ್ಬರು: ಕಾಯಂನವರಿಗೂ ತಡ ಆಗುತ್ತದಲ್ಲ ಸರ್?

ಉತ್ತರ: ಆಗುತ್ತದೆ. ತಾತ್ಕಾಲಿಕ ಹುದ್ದೆಗಳಿಗೆ ಮುಂದುವರಿಕೆ ಆದೇಶ ಬರದಿದ್ದರೆ ಬಿಲ್ ನಿಲ್ಲುತ್ತದೆ. ಅನುದಾನ ಬಿಡುಗಡೆ ಆಗದಿದ್ದರೂ ನಿಲ್ಲುತ್ತದೆ. ಕೆಲವೊಮ್ಮೆ ಕಾರಣ ಕೇಳಿದರೆ ನಗು ಬರುತ್ತದೆ. ಎರಡು ಬ್ಯಾಂಕ್ ಒಂದಾಗಿ ಐಎಫ್‌ಎಸ್‌ಸಿ ಬದಲಾದ ವರ್ಷ, ಹಳೆಯ ನಂಬರ್ ಕೊಟ್ಟ ಮೇಷ್ಟ್ರೊಬ್ಬರ ಸಂಬಳ ಎರಡು ಸಲ ಹೋಗಿ ಎರಡು ಸಲ ವಾಪಸ್ ಬಂತು. ಮೂರನೇ ಸಲ ಅವರೇ ಪಾಸ್‌ಬುಕ್ ಹಿಡಿದು ನನ್ನ ಮೇಜಿನ ಮುಂದೆ ಕುಳಿತರು, ದುಡ್ಡು ಬಿದ್ದ ಮೆಸೇಜ್ ಬರುವವರೆಗೂ ಏಳಲಿಲ್ಲ.

ಪ್ರಶ್ನೆ (ಹೊಸನಗರ ಕಡೆಯ ಸಣ್ಣ ಗುತ್ತಿಗೆದಾರ): ಸರ್, ಮಳೆಗಾಲದೊಳಗೆ ಆಗಬೇಕು ಅಂತ ಒಂದು ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ) ಮಾಡಿಕೊಟ್ಟೆ. ಶಾಲೆ ಮಕ್ಕಳು ದಿನಾ ಅದರ ಮೇಲೇ ಓಡಾಡುತ್ತಿದ್ದಾರೆ. ‘ಮೊದಲು ಕೆಲಸ ಮುಗಿಸಿ, ಆದೇಶ ಆಮೇಲೆ ಮಾಡಿಸೋಣ’ ಅಂದಿದ್ದರು. ಈಗ ಎಲ್‌ಒಸಿ (ಹಣ ಬಿಡುಗಡೆ ಪತ್ರ) ಬಂದಿಲ್ಲ ಅಂತಾರೆ. ವರ್ಕ್ ಆರ್ಡರ್ ನನ್ನ ಕೈಯಲ್ಲಿಲ್ಲ. ಮಂತ್ರಿಗಳ ಹತ್ತಿರ ಹೋಗಲಾ?

ಉತ್ತರ: ಮಾರಾಯ್ರೆ, ಆರ್ಡರ್ ಇಲ್ಲದೆ ಸಿಮೆಂಟ್ ಇಳಿಸಿದ್ದು ಎಂತಕ್ಕೆ? ಬಯ್ಯುತ್ತಿಲ್ಲ, ಮಳೆ ತಲೆ ಮೇಲೆ ಬಂದಾಗ ನಮ್ಮ ಕಡೆ ಹೀಗೆಲ್ಲ ಆಗುತ್ತದೆ ಅಂತ ನನಗೂ ಗೊತ್ತು.

ಎಲ್‌ಒಸಿ ಮಾತು ಬಿಡಿ. ಅದು ಆರ್ಡರ್ ಇದ್ದವರ ಸಮಸ್ಯೆ. ನಿಮ್ಮ ಬಿಲ್ ಆ ಸಾಲಿಗೇ ಬಂದಿಲ್ಲ. ಮೊದಲು ಕೇಳಬೇಕಾದ್ದು ಎಂಬಿ ಬರೆದಿದ್ದಾರಾ ಅಂತ. ಅಳತೆ ಪುಸ್ತಕದಲ್ಲಿ ಇಂಜಿನಿಯರ್ ಉದ್ದ, ಅಗಲ, ದಿನಾಂಕ ಬರೆದು ಸಹಿ ಹಾಕಿದ್ದರೆ ನಿಮಗೆ ಜೀವ ಇದೆ. ಇಲ್ಲದಿದ್ದರೆ ಇವತ್ತೇ ಫೋಟೊ, ಸಾಮಾನಿನ ಬಿಲ್, ಕೂಲಿ ಕೊಟ್ಟ ಲೆಕ್ಕ, ಫೋನಿನಲ್ಲಿರುವ ಮೆಸೇಜ್ ಎಲ್ಲ ಒಂದು ಕಡೆ ಸೇರಿಸಿ. ಸಂವಿಧಾನದ 299ನೇ ವಿಧಿ ಪ್ರಕಾರ ಸರ್ಕಾರದ ಕರಾರು ಬರವಣಿಗೆಯಲ್ಲೇ ಇರಬೇಕು. ಆದರೆ 1872ರ ಕರಾರು ಕಾಯ್ದೆಯ 70ನೇ ಕಲಮು ಒಂದಿದೆ. ಪುಕ್ಕಟೆ ಅಂತ ಮಾಡದ ಕೆಲಸದ ಲಾಭ ಉಂಡವರು ಅದಕ್ಕೆ ಪರಿಹಾರ ಕೊಡಬೇಕು ಅನ್ನುತ್ತದೆ ಅದು. ಸರ್ಕಾರಕ್ಕೂ ಇದು ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿದೆ. ಇದಕ್ಕೆ ಸಿವಿಲ್ ವಕೀಲರು ಬೇಕು, ಅವಧಿ ಮೂರು ವರ್ಷ. ‘ಮುಂದಿನ ಬಜೆಟ್ ನೋಡೋಣ’ ಅನ್ನುವವರ ಮಾತು ನಂಬಿ ಆ ಮೂರು ವರ್ಷ ಕಳೆಯಬೇಡಿ.

ಮಂತ್ರಿಗಳ ಹತ್ತಿರ ಹೋಗಬಹುದು. ಅವರು ಅರ್ಜಿಯ ಮೇಲೆ ‘ಪರಿಶೀಲಿಸಿ’ ಅಂತ ಬರೆದು ಕೆಳಗೆ ಕಳಿಸುತ್ತಾರೆ. ಆ ಒಂದು ಶಬ್ದಕ್ಕೆ ಖಜಾನೆಯಲ್ಲಿ ದುಡ್ಡು ಹುಟ್ಟುವುದಿಲ್ಲ.

ಪ್ರಶ್ನೆ (ಶಿವಮೊಗ್ಗ, ಕೆಎಎಸ್‌ಗೆ ಓದುತ್ತಿರುವವರು): ಹಾಗಾದರೆ ಮಂತ್ರಿಗಳು ಯಾವುದಕ್ಕೆ ಜವಾಬ್ದಾರರು ಸರ್? ಬಿಲ್ಲಿಗೆ ಸಹಿ ಹಾಕುವುದಿಲ್ಲ, ಟೆಂಡರ್ ತೆರೆಯುವುದಿಲ್ಲ.

ಉತ್ತರ: ಸದನದಲ್ಲಿ ಇಲಾಖೆಯ ಎಲ್ಲದಕ್ಕೂ ಅವರೇ ಉತ್ತರ ಕೊಡಬೇಕು. ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಮುಂದೆ ಬಂದಾಗ ಮಾತ್ರ ಮಂತ್ರಿಗಳ ಬದಲು ಅಧಿಕಾರಿಗಳಿಗೆ ಕರೆ ಬರುತ್ತದೆ.

ಆದರೆ ಕಡತದಲ್ಲಿ ಮಂತ್ರಿಗಳ ಕೈ ಕಾಣುವ ಜಾಗಗಳೂ ಇವೆ. ಕೆಟಿಪಿಪಿಯ 4(ಜಿ) ಅಂಥದ್ದು. ಇಂಥ ಖರೀದಿಗೆ ಟೆಂಡರ್ ಬೇಡ ಅಂತ ಸರ್ಕಾರ ಅಧಿಸೂಚನೆ ಹೊರಡಿಸುವ ಕಲಮು ಅದು. ಆ ಪ್ರಸ್ತಾವನೆ ಗುಮಾಸ್ತರ ಮಟ್ಟದಲ್ಲಿ ತೀರ್ಮಾನ ಆಗುವುದಿಲ್ಲ. ಯಾಕೆ ತುರ್ತು, ಯಾಕೆ ಇದೇ ಸಂಸ್ಥೆ ಅಂತ ಟಿಪ್ಪಣಿ ಹಾಳೆಯಲ್ಲಿ ಇರಬೇಕು. ನಾನು ಪತ್ರಕರ್ತನಾಗಿದ್ದರೆ ಮಂತ್ರಿಗಳನ್ನು ಸಂಬಳದ ಬಗ್ಗೆ ಒಂದು ಸಲ, 4(ಜಿ) ಬಗ್ಗೆ ಹತ್ತು ಸಲ ಕೇಳುತ್ತಿದ್ದೆ.

ರಾಜೀನಾಮೆ ಬೇರೆ ಲೆಕ್ಕ. ಶಿವಮೊಗ್ಗದವರಿಗೆ ಹೇಳಿಕೊಡಬೇಕಾಗಿಲ್ಲ. 2022ರ ಏಪ್ರಿಲ್‌ನಲ್ಲಿ ನಮ್ಮ ಊರಿನ ಕೆ.ಎಸ್. ಈಶ್ವರಪ್ಪನವರು ಗ್ರಾಮೀಣಾಭಿವೃದ್ಧಿ ಖಾತೆ ಬಿಟ್ಟರು. ಬೆಳಗಾವಿಯ ಹಿಂಡಲಗಾದಲ್ಲಿ ವರ್ಕ್ ಆರ್ಡರ್ ಇಲ್ಲದೆ ರಸ್ತೆ ಕೆಲಸ ಮಾಡಿದ್ದ ಗುತ್ತಿಗೆದಾರರ ಸಾವಿನ ಪ್ರಕರಣ ಅದು. ಆಮೇಲೆ ಪೊಲೀಸರು ಸಾಕ್ಷ್ಯ ಇಲ್ಲ ಅಂತ ಬಿ ರಿಪೋರ್ಟ್ ಸಲ್ಲಿಸಿದರು. 2024ರ ಜೂನ್‌ನಲ್ಲಿ ಪರಿಶಿಷ್ಟ ಪಂಗಡಗಳ ವಾಲ್ಮೀಕಿ ಅಭಿವೃದ್ಧಿ ನಿಗಮದ ಹಣ ವರ್ಗಾವಣೆ ವಿಚಾರದಲ್ಲಿ ಸಚಿವ ಬಿ. ನಾಗೇಂದ್ರ ರಾಜೀನಾಮೆ ಕೊಟ್ಟರು. ಅದು ಹೊರಬಿದ್ದದ್ದೂ ಶಿವಮೊಗ್ಗದ ಒಂದು ಮನೆಯಿಂದ, ನಿಗಮದ ಲೆಕ್ಕಪತ್ರ ನೋಡುತ್ತಿದ್ದ ಅಧಿಕಾರಿಯೊಬ್ಬರು ಸಾಯುವ ಮುಂಚೆ ಬರೆದಿಟ್ಟ ಪತ್ರದಿಂದ. ಲೆಕ್ಕದ ಮೇಜಿನಲ್ಲಿ ಕುಳಿತು ಕೆಲಸ ಮಾಡಿದ ನನ್ನಂಥವರಿಗೆ ಆ ಸುದ್ದಿ ಓದಿದ ದಿನ ಊಟ ಸೇರಲಿಲ್ಲ.

ಸಾಗರದ ಮೊದಲ ಪ್ರಶ್ನೆಯವರು (12 ದಿನ ಕಳೆದು): ಸರ್, ನೀವು ಹೇಳಿದ ಹಾಗೆ ಬರೆದು ಕೊಟ್ಟೆ, ಸ್ವೀಕೃತಿ ಪ್ರತಿಯೂ ಸಿಕ್ಕಿತು. ಲೆಕ್ಕದ ಶಾಖೆಯವರು ಫೈಲ್ ತೋರಿಸಿದರು. ಏಜೆನ್ಸಿ ಬಿಲ್ ಖಜಾನೆಗೆ ಹೋಗೇ ಇಲ್ಲ. ಹಾಜರಿ ಪಟ್ಟಿಯಲ್ಲಿ 14 ಜನ, ಪಿಎಫ್ ಚಲನ್‌ನಲ್ಲಿ 11 ಜನ ಅಂತ ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಮಾಡಿದ್ದಾರೆ.

ಉತ್ತರ: ಬಿಟ್ಟುಹೋದ ಆ ಮೂವರು ಯಾರು? ನಿಮ್ಮ ಯುಎಎನ್ (ಪಿಎಫ್ ಖಾತೆ ಸಂಖ್ಯೆ) ಹಾಕಿ ಪಿಎಫ್ ಪಾಸ್‌ಬುಕ್ ನೋಡಿ.

ಸಾಗರ: ನೋಡಿದೆ ಸರ್. ನನ್ನದು ಮಾರ್ಚ್‌ಗೇ ನಿಂತಿದೆ. ಆಮೇಲೆ ಕಟ್ಟಿಲ್ಲ.

ಉತ್ತರ: ಸ್ಕ್ರೀನ್‌ಶಾಟ್ ತೆಗೆದಿಡಿ. ಉಳಿದ ಇಬ್ಬರನ್ನೂ ಹುಡುಕಿ. ಸೋಮವಾರ ಮೂವರೂ ಬೆಳಗಿನ ತಾಳಗುಪ್ಪ ರೈಲು ಹತ್ತಿ ಶಿವಮೊಗ್ಗಕ್ಕೆ ಬನ್ನಿ. ಹಾಜರಿ ಪಟ್ಟಿಯ ಜೆರಾಕ್ಸ್ ಮರೆಯಬೇಡಿ. ಪಿಎಫ್ ಕಚೇರಿಗೆ ನಾನೂ ಬರುತ್ತೇನೆ.